ಜಂಘಾಬಲ: ಜೈನ ವೈದ್ಯದಲ್ಲಿ ಸ್ನಾಯು, ಸಂಧಿ ಮತ್ತು ವಾತವ್ಯಾಧಿ

ಇಂದಿನ ಕನ್ನಡದಲ್ಲಿ ಸ್ನಾಯು ಎಂದರೆ ಮಾಂಸಖಂಡ. ಪ್ರಾಚೀನ ವೈದ್ಯಗ್ರಂಥಗಳಲ್ಲಿ ಹಾಗಲ್ಲ. ಸುಶ್ರುತನು 500 ಪೇಶಿಗಳನ್ನೂ 900 ಸ್ನಾಯುಗಳನ್ನೂ 210 ಸಂಧಿಗಳನ್ನೂ ಬೇರೆ ಬೇರೆಯಾಗಿ ಎಣಿಸುತ್ತಾನೆ. ಅವನಲ್ಲಿ ಪೇಶಿಯೇ ಮಾಂಸಖಂಡ. ಸ್ನಾಯುವು ಕೀಲುಗಳನ್ನು ಬಿಗಿದಿಡುವ ನಾರಿನಂಥ ಕಟ್ಟು. ಹಲಗೆಗಳನ್ನು ಹಗ್ಗದಿಂದ ಬಿಗಿದ ದೋಣಿ ಹೊರೆ ಹೊರುವಂತೆ ಸ್ನಾಯುಬದ್ಧವಾದ ದೇಹ ಭಾರವನ್ನು ತಾಳುತ್ತದೆ ಎಂಬುದು ಅವನ ಹೋಲಿಕೆ. ಹಳೆಯ ಪಠ್ಯಗಳ ‘ಸ್ನಾಯುಗತ ವಾತ’ವನ್ನು ಇಂದಿನ ಅರ್ಥದಲ್ಲಿ ಓದಿದರೆ ರೋಗವೇ ಬದಲಾಗಿಬಿಡುತ್ತದೆ.

ಈ ಕಟ್ಟಿನ ವಿಚಾರ ಜೈನರಲ್ಲಿ ವೈದ್ಯಕ್ಕಷ್ಟೇ ಸೀಮಿತವಾಗಿರಲಿಲ್ಲ, ಕರ್ಮಸಿದ್ಧಾಂತದ ಒಳಗೂ ಬಂದಿತ್ತು. ನಾಮಕರ್ಮದ ಭೇದಗಳಲ್ಲಿ ‘ಸಂಹನನ’ ಎಂಬುದೊಂದು. ಎಲುಬು ಕೀಲುಗಳ ಬಂಧವನ್ನು ಅದು ಆರು ಬಗೆಯಾಗಿ ವಿಂಗಡಿಸುತ್ತದೆ. ಮೊದಲನೆಯದು ವಜ್ರವೃಷಭನಾರಾಚ: ಎಲುಬು, ಅದರ ಸುತ್ತಿನ ಬಂಧ, ಅದನ್ನು ಬಿಗಿದ ಕೀಲ ಮೂರೂ ವಜ್ರದಂತೆ ಅಭೇದ್ಯ. ಕೊನೆಯದಾದ ಅಸಂಪ್ರಾಪ್ತಾಸೃಪಾಟಿಕಾದಲ್ಲಿ ಎಲುಬುಗಳು ಪರಸ್ಪರ ಕೂಡಿಕೊಂಡಿರುವುದಿಲ್ಲ. ಸಿರೆ, ಸ್ನಾಯು, ಮಾಂಸಗಳು ಹೊರಗಿನಿಂದ ಹಿಡಿದಿರುತ್ತವೆ. ಮೋಕ್ಷಕ್ಕೆ ಮೊದಲ ಸಂಹನನವೇ ಬೇಕು, ಪಂಚಮಕಾಲದ ಮನುಷ್ಯರಿಗೆ ಅದಿಲ್ಲ. ಸಡಿಲವಾದ ಕೀಲು ಹೀಗೆ ಕಾಲದ ಲಕ್ಷಣವೂ ಆಯಿತು.

ದಿಗಂಬರ ಮುನಿಯ ಬದುಕಿನಲ್ಲಿ ಮೊಣಕಾಲಿನ ಬೆಲೆ ಎಷ್ಟೆಂಬುದನ್ನು ಇಪ್ಪತ್ತೆಂಟು ಮೂಲಗುಣಗಳೇ ಹೇಳುತ್ತವೆ. ನಿಂತೇ ಉಣ್ಣಬೇಕೆಂಬ ಸ್ಥಿತಿಭೋಜನ ಅವುಗಳಲ್ಲೊಂದು. ಇದರ ಮೇಲೆ ಕಾಲ್ನಡಿಗೆಯ ವಿಹಾರ, ಕಾಯೋತ್ಸರ್ಗ. ಶಿವಾರ್ಯನ ‘ಭಗವತೀ ಆರಾಧನೆ’ಯು ಭಕ್ತಪ್ರತ್ಯಾಖ್ಯಾನಕ್ಕೆ ಅರ್ಹರಾದವರನ್ನು ಹೇಳುವಾಗ ಕಣ್ಣು ಕಿವಿಗಳು ದುರ್ಬಲವಾದವರೊಂದಿಗೆ ಜಂಘಾಬಲ ಕುಂದಿ ವಿಹರಿಸಲಾರದವನನ್ನೂ ಸೇರಿಸುತ್ತದೆ. ಗೃಹಸ್ಥನನ್ನು ಊರುಗೋಲಿಗೆ ಒಪ್ಪಿಸುವ ರೋಗ ಮುನಿಯನ್ನು ಸಲ್ಲೇಖನದ ಹೊಸ್ತಿಲಿಗೆ ತಂದು ನಿಲ್ಲಿಸಬಹುದಿತ್ತು. ಅದೇ ಪರಂಪರೆಯಿಂದ ಬೆಳೆದ ‘ವಡ್ಡಾರಾಧನೆ’ಯಲ್ಲಿ ಸನತ್ಕುಮಾರನು ವೈದ್ಯನ ವೇಷದಲ್ಲಿ ಬಂದ ದೇವನನ್ನು ಮರಳಿ ಕಳುಹಿಸುತ್ತಾನೆ. ಆದರೆ ಎಲ್ಲ ರೋಗಿಗಳೂ ಸನತ್ಕುಮಾರರಲ್ಲ. ಶ್ರಾವಕರಿಗೆ ಚಿಕಿತ್ಸೆ ಬೇಕಿತ್ತು.

ತೊಡಕು ಇಲ್ಲಿಯೇ. ಚರಕನು ಎಣಿಸುವ ಎಂಬತ್ತು ವಾತವಿಕಾರಗಳಲ್ಲಿ ಸೊಂಟದಿಂದ ಪಾದದವರೆಗೆ ಸೆಳೆಯುವ ಗೃಧ್ರಸಿಯೂ ಸೇರಿದೆ. ಭುಜವನ್ನು ಕುಗ್ಗಿಸುವ ಅವಬಾಹುಕ, ಮೊಣಕಾಲು ನರಿಯ ತಲೆಯಂತೆ ಊದಿಕೊಳ್ಳುವ ಕ್ರೋಷ್ಟುಕಶೀರ್ಷ ಮೊದಲಾದವನ್ನೂ ವೈದ್ಯಪರಂಪರೆ ಬಲ್ಲದು. ಇಂಥ ವಾತರೋಗಗಳ ಚಿಕಿತ್ಸೆಯಲ್ಲಿ ತುಪ್ಪ, ಎಣ್ಣೆಗಳ ಜೊತೆಗೆ ವಸೆ, ಮಜ್ಜೆ, ಮಾಂಸರಸಗಳೂ ಬರುತ್ತವೆ. ಮಾಂಸಧಾತು ಕ್ಷೀಣಿಸಿದಾಗ ಮಾಂಸವೇ ಅದನ್ನು ಬೆಳೆಸುತ್ತದೆಂಬುದು ಅದರ ತರ್ಕ. ರಾಜಯಕ್ಷ್ಮದಿಂದ ಸೊರಗಿದವನಿಗೆ ನವಿಲಿನ ಮಾಂಸವೆಂದು ಹೇಳಿ ಹದ್ದು ಗೂಬೆಗಳ ಮಾಂಸವನ್ನು, ಗೌಜಲಹಕ್ಕಿಯದೆಂದು ಕಾಗೆಯದನ್ನು ಕೊಡಬೇಕೆನ್ನುವಷ್ಟು ದೂರ ಚರಕಸಂಹಿತೆ ಹೋಗುತ್ತದೆ. ರೋಗಿ ಹೇಸಿಕೊಳ್ಳದಿರಲೆಂದು ಹೂಡಿದ ಉಪಾಯವಿದು. ಅಹಿಂಸೆ ಸತ್ಯಗಳೆರಡನ್ನೂ ವ್ರತವಾಗಿ ಹಿಡಿದವನಿಗೆ ಒಂದೇ ಪಥ್ಯದಲ್ಲಿ ಎರಡು ಭಂಗ.

ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯನು ಈ ದಾರಿಯನ್ನು ನೇರವಾಗಿ ತಿರಸ್ಕರಿಸಿದ. ಶ್ರೀನಂದಿಯ ಶಿಷ್ಯನಾದ ಈತ ರಾಮಗಿರಿಯಲ್ಲಿ ರಚಿಸಿದ ಸಂಸ್ಕೃತ ‘ಕಲ್ಯಾಣಕಾರಕ’ವು ವೈದ್ಯವನ್ನು ದ್ವಾದಶಾಂಗದ ಪ್ರಾಣಾವಾಯ ಪೂರ್ವಕ್ಕೆ ಜೋಡಿಸುತ್ತದೆ, ಪೂಜ್ಯಪಾದ, ಸಮಂತಭದ್ರ ಮೊದಲಾದವರನ್ನು ಪೂರ್ವಸೂರಿಗಳೆಂದು ಸ್ಮರಿಸುತ್ತದೆ. ಕೊನೆಗೆ ಸೇರಿರುವ ಹಿತಾಹಿತಾಧ್ಯಾಯ ಮಾಂಸಭಕ್ಷಣೆಯ ವಿರುದ್ಧ ಹೂಡಿದ ವಾದ. ನೃಪತುಂಗನ ಸಭೆಯಲ್ಲಿ ಅದನ್ನು ಮಂಡಿಸಿದನೆಂದು ಗ್ರಂಥವೇ ಹೇಳುತ್ತದೆ. ಆ ವಾದ ಪಾಪಪುಣ್ಯಗಳಿಗಷ್ಟೇ ನಿಲ್ಲದೆ ಮಾಂಸವು ಔಷಧವೇ ಅಲ್ಲವೆಂದು ಸಾಧಿಸಲು ಹೊರಡುತ್ತದೆ. ಗ್ರಂಥದ ತೂಕವಿರುವುದು ಇಲ್ಲಿ.

ಮಾಂಸರಸವನ್ನು ಬಿಟ್ಟರೆ ವಾತಚಿಕಿತ್ಸೆ ಬರಿದಾಗುವುದಿಲ್ಲ. ಎಳ್ಳೆಣ್ಣೆ, ಹರಳೆಣ್ಣೆ, ಹಾಲು, ತುಪ್ಪ, ದಶಮೂಲ, ಬಲೆ, ಉದ್ದು ಇವೆಲ್ಲ ಪರಂಪರೆಯಲ್ಲಿ ಮೊದಲೇ ಇದ್ದವು. ಅಭ್ಯಂಗ, ಸ್ವೇದನಗಳನ್ನು ಹಿಂಸೆಯ ಹಂಗಿಲ್ಲದೆಯೂ ಮಾಡಬಹುದು. ವಾತರಕ್ತದ ವಿಷಯದಲ್ಲಂತೂ ಚರಕನೇ ಜಲಚರಗಳ ಮಾಂಸವನ್ನೂ ಮದ್ಯವನ್ನೂ ರೋಗಕಾರಣಗಳಲ್ಲಿ ಹೇಳಿದ್ದಾನೆ. ಸುಕುಮಾರರೂ ನಡೆಯದವರೂ ಆದವರನ್ನು ಹಿಡಿಯುವ ಈ ರೋಗವನ್ನು ಇಂದಿನ ಗೌಟ್‌ಗೆ ಹೋಲಿಸುವುದುಂಟು. ಅದರಲ್ಲಿ ಯೂರಿಕ್ ಆಮ್ಲದ ಹರಳುಗಳು ಕೀಲಿನಲ್ಲಿ ನಿಲ್ಲುತ್ತವೆ, ಮಾಂಸ ಮದ್ಯಗಳಿಂದ ಬಾಧೆ ಹೆಚ್ಚುತ್ತದೆ. ಅಷ್ಟರಿಂದಲೇ ಉಗ್ರಾದಿತ್ಯನನ್ನು ಆಧುನಿಕ ವಿಜ್ಞಾನಿಯೆನ್ನುವುದು ಅತಿಯಾದೀತು. ಅದೇ ಚರಕನ ಪಟ್ಟಿಯಲ್ಲಿ ಉದ್ದೂ ಇದೆ.

ಸುಮಾರು 1150ರಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ‘ಕರ್ಣಾಟಕ ಕಲ್ಯಾಣಕಾರಕ’ವಾಗಿ ಕನ್ನಡಕ್ಕೆ ತಂದ. ಅದರಲ್ಲಿಯೂ ಚಿಕಿತ್ಸೆ ಸಂಪೂರ್ಣವಾಗಿ ಮದ್ಯಮಾಂಸವರ್ಜಿತ. ಸಂಸ್ಕೃತದಲ್ಲಿ ರಾಜಸಭೆಯ ವಾದವಾಗಿದ್ದುದು ಕನ್ನಡದಲ್ಲಿ ಮದ್ದಿನ ಕ್ರಮವಾಯಿತು. ಮುಂದಿನ ಔಷಧಸಂಗ್ರಹಗಳಲ್ಲಿ ಪಕ್ಷಾಘಾತ, ಅವಬಾಹುಕಗಳಿಗೆ ಹೇಳುವ ಮಹಾಮಾಷ ತೈಲಕ್ಕೆ ಎರಡು ಪಾಠಗಳಿವೆ: ಆಡಿನ ಮಾಂಸ ಸೇರಿದ ಸಾಮಿಷ, ಉದ್ದನ್ನೇ ನೆಚ್ಚಿದ ನಿರಾಮಿಷ. ನಿರಾಮಿಷ ಪಾಠದ ತೈಲ ಇಂದಿಗೂ ಆಯುರ್ವೇದದ ಅಂಗಡಿಗಳಲ್ಲಿ ಅದೇ ಹೆಸರಿನಿಂದ ಮಾರಾಟವಾಗುತ್ತಿದೆ.