ಮಂಜುಗಡ್ಡೆಯ ಮೈದಾನದಲ್ಲಿ ಒಂದು ಭಾಷೆಯ ಮಾನ

ಹಾಕಿ ಎಂದೊಡನೆ ಕನ್ನಡಿಗರಿಗೆ ಕೊಡಗಿನ ಮೈದಾನಗಳು ನೆನಪಾಗುತ್ತವೆ. ಕೆನಡಾದವರಿಗೆ ಹಾಕಿ ಎಂದರೆ ಐಸ್ ಹಾಕಿ. ಅಲ್ಲಿ ಹುಲ್ಲಿನ ಬದಲು ಮಂಜುಗಡ್ಡೆ, ಚೆಂಡಿನ ಬದಲು ರಬ್ಬರಿನ ಚಪ್ಪಟೆ ಬಿಲ್ಲೆ. ಆಟಗಾರರು ಉಕ್ಕಿನ ಅಲಗಿರುವ ಬೂಟು ತೊಟ್ಟು ಜಾರುತ್ತಾ ಆಡುತ್ತಾರೆ. ಈ ಆಟದಲ್ಲಿ ಇಂದಿಗೂ ಉಳಿದಿರುವ ವೃತ್ತಿಪರ ತಂಡಗಳಲ್ಲಿ ಎಲ್ಲಕ್ಕಿಂತ ಹಳೆಯದು ಮಾಂಟ್ರಿಯಲ್ ನಗರದ ‘ಕನೇಡಿಯನ್ಸ್’. ಅದರ ಚರಿತ್ರೆಯನ್ನು ಓದುತ್ತಾ ಹೋದರೆ ಗೆಲುವು ಸೋಲುಗಳ ಪಟ್ಟಿಯ ಹಿಂದೆ ಒಂದು ಭಾಷಿಕ ಸಮುದಾಯದ ನೋವು ಕಾಣಿಸುತ್ತದೆ.

ಮಾಂಟ್ರಿಯಲ್ ಇರುವುದು ಕ್ವಿಬೆಕ್ ಪ್ರಾಂತ್ಯದಲ್ಲಿ. ಫ್ರೆಂಚರು ನೆಲೆಸಿದ್ದ ಈ ನಾಡು 1763ರ ಪ್ಯಾರಿಸ್ ಒಪ್ಪಂದದೊಂದಿಗೆ ಬ್ರಿಟಿಷರ ಕೈಸೇರಿತು. ಜನರ ಮಾತು ಫ್ರೆಂಚ್ ಆಗಿಯೇ ಉಳಿಯಿತು. ಆದರೆ ಬ್ಯಾಂಕು, ರೈಲ್ವೆ, ಕಾರ್ಖಾನೆ, ದೊಡ್ಡ ಅಂಗಡಿಗಳು ಬಹುತೇಕ ಇಂಗ್ಲಿಷ್ ಮಾತಾಡುವವರ ವಶದಲ್ಲಿದ್ದವು. ಸ್ವಂತ ನೆಲದಲ್ಲಿ ಬಹುಸಂಖ್ಯಾತರಾಗಿದ್ದೂ ಯಜಮಾನನ ಭಾಷೆಗೆ ತಲೆಬಾಗಿ ದುಡಿಯಬೇಕಾದ ಸ್ಥಿತಿ ಅವರದಾಗಿತ್ತು. ಮೊದಮೊದಲು ಹಾಕಿಯೂ ಇಂಗ್ಲಿಷರ ಕ್ಲಬ್ಬುಗಳ ಆಟವೇ.

1909ರ ಡಿಸೆಂಬರ್ 4ರಂದು ಕನೇಡಿಯನ್ಸ್ ತಂಡ ಹುಟ್ಟಿತು. ವಿಚಿತ್ರವೆಂದರೆ, ಹಣ ಹೂಡಿದವನು ಫ್ರೆಂಚನಲ್ಲ. ಆಂಟೇರಿಯೊ ಪ್ರಾಂತ್ಯದ ಶ್ರೀಮಂತ ಆಂಬ್ರೋಸ್ ಓಬ್ರಿಯನ್. ಫ್ರೆಂಚ್ ಆಟಗಾರರ ತಂಡವೊಂದಿದ್ದರೆ ಫ್ರೆಂಚ್ ಜನ ಟಿಕೆಟ್ ಕೊಳ್ಳುತ್ತಾರೆ, ಇಂಗ್ಲಿಷ್ ತಂಡಗಳೊಂದಿಗಿನ ಪೈಪೋಟಿ ಕಾಸು ತರುತ್ತದೆ ಎಂಬುದು ಲೆಕ್ಕಾಚಾರ. ಆಟಗಾರರನ್ನು ಕೂಡಿಸುವ ಹೊಣೆ ಜಾಕ್ ಲಾವಿಯೊಲೆಟ್‌ನ ಹೆಗಲಿಗೆ ಬಿತ್ತು. ಹೀಗೆ ವ್ಯಾಪಾರಕ್ಕಾಗಿ ಹುಟ್ಟಿದ್ದನ್ನು ಜನ ಮನೆಮಗುವಿನಂತೆ ಎತ್ತಿಕೊಂಡರು. ತಂಡಕ್ಕೆ ಅಂಟಿಕೊಂಡ ‘ಹ್ಯಾಬ್ಸ್’ ಎಂಬ ಅಡ್ಡಹೆಸರು ಹಳೆಯ ಫ್ರೆಂಚ್ ವಸಾಹತಿನ ರೈತರನ್ನು ಕರೆಯುತ್ತಿದ್ದ ಪದದಿಂದ ಬಂದದ್ದು.

1916ರಲ್ಲಿ ತಂಡ ಮೊದಲ ಬಾರಿಗೆ ಸ್ಟಾನ್ಲಿ ಕಪ್ ಗೆದ್ದಿತು. 1919ರ ಅಂತಿಮ ಸರಣಿ ಅಮೆರಿಕದ ಸಿಯಾಟಲ್‌ನಲ್ಲಿ ನಡೆಯುತ್ತಿದ್ದಾಗ ಇನ್‌ಫ್ಲುಯೆಂಜಾ ಮಹಾಮಾರಿ ಆಟಗಾರರನ್ನು ಹಾಸಿಗೆ ಹಿಡಿಸಿತು. ಸರಣಿ ನಿಂತುಹೋಯಿತು, ಕನೇಡಿಯನ್ಸ್‌ನ ಜೋ ಹಾಲ್ ಅಲ್ಲೇ ಕೊನೆಯುಸಿರೆಳೆದ. ಗೋಲ್‌ಕೀಪರ್ ಜಾರ್ಜ್ ವೆಜಿನಾ 1926ರಲ್ಲಿ ಕ್ಷಯಕ್ಕೆ ಬಲಿಯಾದ. ಅತ್ಯುತ್ತಮ ಗೋಲ್‌ಕೀಪರ್‌ಗೆ ಕೊಡುವ ಪ್ರಶಸ್ತಿ ಇಂದಿಗೂ ಅವನ ಹೆಸರಿನಲ್ಲಿದೆ.

ಆದರೆ ತಂಡವನ್ನು ಜನರ ಮಾನದ ಪ್ರಶ್ನೆಯಾಗಿಸಿದವನು ಮೌರಿಸ್ ರಿಷಾರ್. ಮಾಂಟ್ರಿಯಲ್‌ನ ದುಡಿಯುವ ವರ್ಗದ ಮನೆಯಲ್ಲಿ 1921ರಲ್ಲಿ ಹುಟ್ಟಿದ ಈತ 1942ರಲ್ಲಿ ತಂಡ ಸೇರಿದಾಗ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. 1944-45ರಲ್ಲಿ 50 ಪಂದ್ಯಗಳಲ್ಲಿ 50 ಗೋಲು ಹೊಡೆದ. ಜನ ಅವನನ್ನು ‘ರಾಕೆಟ್’ ಎಂದರು. ಎದುರಾಳಿಗಳು ಕೆಣಕುತ್ತಿದ್ದರು, ಅವನು ತಿರುಗಿ ಬೀಳುತ್ತಿದ್ದ. ಕಾರ್ಖಾನೆಯಲ್ಲಿ ಹಲ್ಲುಕಚ್ಚಿ ಸುಮ್ಮನಿರಬೇಕಾದವರಿಗೆ ಆ ಸಿಟ್ಟು ತಮ್ಮದೇ ಎನಿಸಿದ್ದರೆ ಅಚ್ಚರಿಯಿಲ್ಲ.

1955ರ ಮಾರ್ಚ್ 13ರಂದು ಬಾಸ್ಟನ್‌ನಲ್ಲಿ ಆಡುವಾಗ ಎದುರಾಳಿಯೊಬ್ಬನ ಕೋಲು ರಿಷಾರ್‌ನ ತಲೆಗೆ ತಾಗಿ ರಕ್ತ ಬಂತು. ರಿಷಾರ್ ತನ್ನ ಕೋಲಿನಿಂದ ಅವನನ್ನು ಬಡಿದ. ತಡೆಯಲು ಬಂದ ಲೈನ್ಸ್‌ಮನ್‌ಗೂ ಗುದ್ದಿದ. ಇದು ಶಿಕ್ಷಾರ್ಹ ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಲೀಗಿನ ಅಧ್ಯಕ್ಷ ಕ್ಲಾರೆನ್ಸ್ ಕ್ಯಾಂಪ್‌ಬೆಲ್ ಉಳಿದ ಪಂದ್ಯಗಳ ಜೊತೆಗೆ ಕಪ್ಪಿನ ಪಂದ್ಯಗಳಿಂದಲೂ ಅವನನ್ನು ಹೊರಗಿಟ್ಟ. ಫ್ರೆಂಚ್ ಜನರ ಕಣ್ಣಿಗೆ ಕಂಡದ್ದು ತಮ್ಮವನೊಬ್ಬನನ್ನು ದಂಡಿಸುತ್ತಿರುವ ಇಂಗ್ಲಿಷ್ ಯಜಮಾನ. ಮಾರ್ಚ್ 17ರ ಸಂಜೆ, ಎಚ್ಚರಿಕೆಗಳಿದ್ದೂ ಕ್ಯಾಂಪ್‌ಬೆಲ್ ‘ಫೋರಂ’ ಕ್ರೀಡಾಂಗಣಕ್ಕೆ ಬಂದು ಕುಳಿತ. ಅವನ ಮೇಲೆ ಮೊಟ್ಟೆ, ಟೊಮೆಟೊ ತೂರಿಬಂದವು. ಅಶ್ರುವಾಯುವಿನ ಡಬ್ಬಿಯೊಂದು ಸಿಡಿಯಿತು. ಪಂದ್ಯ ರದ್ದಾಗಿ ಗೆಲುವು ಡೆಟ್ರಾಯಿಟ್ ಪಾಲಾಯಿತು. ಹೊರಗೆ ಸೇಂಟ್ ಕ್ಯಾಥರೀನ್ ಬೀದಿಯಲ್ಲಿ ಮಧ್ಯರಾತ್ರಿ ದಾಟಿದರೂ ಅಂಗಡಿಗಳ ಗಾಜು ಒಡೆಯುತ್ತಲೇ ಇದ್ದವು. ಮರುದಿನ ರಿಷಾರ್ ಸ್ವತಃ ರೇಡಿಯೊದಲ್ಲಿ ಮಾತಾಡಿ, ಶಿಕ್ಷೆಯನ್ನು ಒಪ್ಪಿದ್ದೇನೆ, ಶಾಂತರಾಗಿ ಎಂದು ಕೇಳಿಕೊಂಡ. ಊರು ತಣ್ಣಗಾಯಿತು.

ಆ ರಾತ್ರಿ ಗಾಜು ಒಡೆದವರೆಲ್ಲ ಭಾಷಾಭಿಮಾನಿಗಳೆಂದು ನಂಬಬೇಕಿಲ್ಲ. ಗಲಭೆಯಲ್ಲಿ ಪುಂಡರಿಗೂ ಪಾಲಿರುತ್ತದೆ. ಆದರೂ 1960ರ ದಶಕದಲ್ಲಿ ಕ್ವಿಬೆಕ್ ಕಂಡ ‘ಸದ್ದಿಲ್ಲದ ಕ್ರಾಂತಿ’ಗೆ ಈ ಗಲಭೆ ಮುನ್ಸೂಚನೆಯಾಗಿತ್ತು ಎನ್ನುವವರು ಹಲವರು. ತಂಡ 1956ರಿಂದ 1960ರವರೆಗೆ ಸತತ ಐದು ಬಾರಿ ಕಪ್ ಗೆದ್ದಿತು. 1977ರಲ್ಲಿ ಬಂದ ಕಾನೂನು ಫ್ರೆಂಚನ್ನು ಕೆಲಸದ, ವ್ಯವಹಾರದ ಭಾಷೆಯಾಗಿಸಿತು. ರಿಷಾರ್ ಮಾತ್ರ, ತಾನೊಬ್ಬ ಆಟಗಾರ ಅಷ್ಟೇ ಎನ್ನುತ್ತಿದ್ದ. 2000ದಲ್ಲಿ ಅವನು ತೀರಿಕೊಂಡಾಗ ಕ್ವಿಬೆಕ್ ಸರಕಾರಿ ಗೌರವದೊಂದಿಗೆ ಬೀಳ್ಕೊಟ್ಟಿತು.

ಈ ಕಾಲದ ಮನಸ್ಸನ್ನು ಅರಿಯಲು ರೋಕ್ ಕ್ಯಾರಿಯೆ 1979ರಲ್ಲಿ ಪ್ರಕಟಿಸಿದ ‘ಹಾಕಿ ಸ್ವೆಟರ್’ ಎಂಬ ಕತೆಯನ್ನು ಓದಬೇಕು. ಹಳ್ಳಿಯ ಹುಡುಗರೆಲ್ಲ ರಿಷಾರ್‌ನ 9ನೇ ನಂಬರಿನ ಅಂಗಿ ತೊಡುವವರು. ಒಬ್ಬನ ತಾಯಿಗೆ ಅಂಗಡಿಯ ಇಂಗ್ಲಿಷ್ ಫಾರಂ ತುಂಬಲು ಬಾರದು. ಫ್ರೆಂಚಿನಲ್ಲಿ ಕಾಗದ ಬರೆಯುತ್ತಾಳೆ. ಬಂದದ್ದು ಎದುರಾಳಿ ಟೊರಾಂಟೊ ತಂಡದ ಅಂಗಿ! ಭಾಷಣವೊಂದು ಹೇಳಲಾರದ್ದನ್ನು ಈ ಪುಟ್ಟ ಕತೆ ನಗುತ್ತಲೇ ಹೇಳುತ್ತದೆ.

ಕನೇಡಿಯನ್ಸ್ ಒಟ್ಟು 24 ಬಾರಿ ಸ್ಟಾನ್ಲಿ ಕಪ್ ಗೆದ್ದಿದೆ. ಅವುಗಳಲ್ಲಿ 24ನೆಯದು ಬಂದದ್ದು 1993ರಲ್ಲಿ. ಇತ್ತ ತಂಡ ಜಗತ್ತಿಗೆ ತೆರೆದುಕೊಂಡಿತು. 2011ರ ಡಿಸೆಂಬರ್‌ನಲ್ಲಿ ಫ್ರೆಂಚ್ ಬಾರದ ತರಬೇತುದಾರನನ್ನು ನೇಮಿಸಿದಾಗ ಅಭಿಮಾನಿಗಳು ಪ್ರತಿಭಟಿಸಿದರು. 2021ರ ಮೇ 10ರ ಪಂದ್ಯದಲ್ಲಿ ಕ್ವಿಬೆಕ್‌ನಲ್ಲಿ ಹುಟ್ಟಿದ ಒಬ್ಬ ಆಟಗಾರನೂ ಇರಲಿಲ್ಲ. ತಂಡದ ಚರಿತ್ರೆಯಲ್ಲೇ ಅದು ಮೊದಲು.

ಇಷ್ಟು ಹೇಳಿದ ಮೇಲೆ ಇನ್ನೊಂದು ಸಂಗತಿಯನ್ನು ಮರೆಮಾಚಲಾಗದು. ಇದೇ ಕ್ವಿಬೆಕ್ 2019ರಲ್ಲಿ ಕಾನೂನೊಂದನ್ನು ತಂದು, ಸರಕಾರಿ ಶಾಲೆಗೆ ಹೊಸದಾಗಿ ಸೇರುವ ಶಿಕ್ಷಕಿಯರು ಕೆಲಸದ ವೇಳೆ ಹಿಜಾಬ್ ಧರಿಸುವಂತಿಲ್ಲ ಎಂದಿತು. ಸಿಖ್ಖರ ಪೇಟಕ್ಕೂ ಯಹೂದಿಯರ ಟೋಪಿಗೂ ಅದೇ ನಿಯಮ. ಚರ್ಚಿನ ಹಿಡಿತದಿಂದ ಬಿಡಿಸಿಕೊಂಡ ಸಮಾಜದ ಆತಂಕ ಅದರ ಹಿಂದಿದೆ, ನಿಜ. ಆದರೆ ಹೊಟ್ಟೆಪಾಡಿಗಾಗಿ ತನ್ನತನವನ್ನು ಬಾಗಿಲ ಹೊರಗೆ ಕಳಚಿಟ್ಟು ಬರುವ ಕಷ್ಟ ಎಂಥದ್ದೆಂದು ರಿಷಾರ್‌ನ ಜನಕ್ಕೆ ಯಾರೂ ಕಲಿಸಬೇಕಾಗಿಲ್ಲ. ಅವಮಾನ ಉಂಡವರು ಮಾನ ಗಳಿಸಿಕೊಳ್ಳುವುದು ದೊಡ್ಡ ಸಾಧನೆ. ಅಧಿಕಾರ ಕೈಗೆ ಬಂದ ಮೇಲೂ ಆ ಹಳೆಯ ನೋವನ್ನು ನೆನಪಿಟ್ಟುಕೊಂಡು ಪಕ್ಕದವನ ಮಾನ ಕಾಯುವುದು ಅದಕ್ಕಿಂತ ದೊಡ್ಡದು.