ಕೆಂಪು ಬಾವುಟ ಮತ್ತು 1904ರ ಗೆರೆ

ಪ್ರತಿ ವರ್ಷ ನವೆಂಬರ್ ತಿಂಗಳ ಮೊದಲ ಭಾನುವಾರ, ಸೂರ್ಯ ಹುಟ್ಟುವ ಹೊತ್ತಿಗೆ, ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಒಂದು ಕೆಂಪು ಬಾವುಟವನ್ನು ಹರಿದುಹಾಕುತ್ತಾರೆ. ಆಮೇಲೆ 1905ಕ್ಕಿಂತ ಮೊದಲು ತಯಾರಾದ ನೂರಾರು ಕಾರುಗಳು ಒಂದರ ಹಿಂದೆ ಒಂದು ಹೊರಟು, ಸುಮಾರು 60 ಮೈಲಿ ದೂರದ ಕಡಲೂರು ಬ್ರೈಟನ್ ಕಡೆಗೆ ಕುಲುಕುತ್ತ ಸಾಗುತ್ತವೆ. ಇದು ರೇಸ್ ಅಲ್ಲ. ಮೊದಲು ಮುಟ್ಟಿದವರಿಗೆ ಬಹುಮಾನವಿಲ್ಲ. ಸಂಜೆ ನಾಲ್ಕೂವರೆಯೊಳಗೆ ಹೇಗೋ ತಲುಪಿಕೊಂಡರೆ ಒಂದು ಪದಕ ಸಿಗುತ್ತದೆ, ಅಷ್ಟೆ.

ಬಾವುಟದ ಕಥೆಯನ್ನು ಸಾಮಾನ್ಯವಾಗಿ ಹೀಗೆ ಹೇಳುತ್ತಾರೆ. ಬ್ರಿಟನ್ನಿನಲ್ಲಿ ಕುದುರೆಯಿಲ್ಲದ ಬಂಡಿಯ ಮುಂದೆ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ನಡೆಯಬೇಕಿತ್ತು. 1896ರ ನವೆಂಬರ್ 14ರಂದು ಹೊಸ ಕಾನೂನು ಜಾರಿಗೆ ಬಂದು ಆ ಕಟ್ಟಳೆ ಹೋಯಿತು. ಆ ದಿನ ಬೆಳಗಿನ ಉಪಾಹಾರದ ಕೂಟದಲ್ಲಿ ಲಾರ್ಡ್ ವಿಂಚಿಲ್ಸಿ ಬಾವುಟವೊಂದನ್ನು ಹರಿದು ಹಾಕಿದರು, ಕಾರುಗಳು ಬಿಡುಗಡೆಯ ಸಂಭ್ರಮದಲ್ಲಿ ಬ್ರೈಟನ್ನಿಗೆ ಹೊರಟವು.

ಕೇಳಲು ಚೆನ್ನಾಗಿದೆ. ಆದರೆ ಹರಿದ ಬಾವುಟಕ್ಕೆ ಆಗ ಕಾನೂನಿನಲ್ಲಿ ಜಾಗವೇ ಇರಲಿಲ್ಲ. ಉಗಿ ಎಂಜಿನ್ನುಗಳನ್ನು ಕಣ್ಣಮುಂದಿಟ್ಟುಕೊಂಡು ಮಾಡಿದ 1865ರ ಕಾನೂನು ಬಂಡಿಗೆ ಮೂರು ಜನ ಬೇಕೆಂದೂ, ಅವರಲ್ಲಿ ಒಬ್ಬ 60 ಗಜ ಮುಂದೆ ಬಾವುಟ ಹಿಡಿದು ನಡೆಯಬೇಕೆಂದೂ, ವೇಗ ಹಳ್ಳಿಯ ದಾರಿಯಲ್ಲಿ ಗಂಟೆಗೆ 4 ಮೈಲಿ, ಊರೊಳಗೆ 2 ಮೈಲಿ ದಾಟಬಾರದೆಂದೂ ಹೇಳಿತ್ತು. 1878ರ ತಿದ್ದುಪಡಿ ದೇಶಕ್ಕೆಲ್ಲ ಕಡ್ಡಾಯವಾಗಿದ್ದ ಬಾವುಟವನ್ನು ಕೈಬಿಟ್ಟಿತು. ಉಳಿದದ್ದು 20 ಗಜ ಮುಂದೆ ನಡೆಯುವ ಮನುಷ್ಯ ಮಾತ್ರ. 1896ರಲ್ಲಿ ನಿಜವಾಗಿ ಬಿಡುಗಡೆಯಾದದ್ದು ಅವನಿಗೆ. ಮೂರು ಟನ್ನಿಗಿಂತ ಹಗುರವಾದ ಬಂಡಿಗಳಿಗೆ ಅವನ ಅಗತ್ಯ ಇಲ್ಲವಾಯಿತು, ವೇಗದ ಮಿತಿ ಗಂಟೆಗೆ 14 ಮೈಲಿಗೆ ಏರಿತು, ಅದನ್ನೂ ಕೂಡಲೇ ನಿಯಮದ ಮೂಲಕ 12ಕ್ಕೆ ಇಳಿಸಿದರು. ನಡೆಯುವ ಮನುಷ್ಯನನ್ನು ಕೂಟದಲ್ಲಿ ಹರಿಯಲಾಗದು, ಬಟ್ಟೆಯನ್ನು ಹರಿಯಬಹುದು. ಸಾಂಕೇತಿಕ ಕ್ರಿಯೆಗಳೆಲ್ಲ ಹೀಗೇ, ಅನುಕೂಲ ನೋಡಿಕೊಂಡೇ ಹುಟ್ಟುತ್ತವೆ.

ಆ ದಿನದ ಸೂತ್ರಧಾರ ಹ್ಯಾರಿ ಲಾಸನ್. ಮೋಟಾರು ಪೇಟೆಂಟುಗಳನ್ನು ಕಂಡಕಂಡಲ್ಲಿ ಕೊಂಡು, ಬ್ರಿಟನ್ನಿನ ಕಾರು ಉದ್ಯಮವನ್ನೇ ತನ್ನ ಕಿಸೆಯಲ್ಲಿಟ್ಟುಕೊಳ್ಳುವ ಕನಸು ಕಂಡವನು. ಕಂಪನಿಗಳ ಷೇರು ಮಾರಬೇಕಿದ್ದವನಿಗೆ ಒಂದು ಮೆರವಣಿಗೆ ಬೇಕಿತ್ತು. ಮಳೆಗಾಳಿಯ ಆ ದಿನ ಮೂವತ್ತು ಚಿಲ್ಲರೆ ಬಂಡಿಗಳು ಹೊರಟವು, ಹೆಚ್ಚುಕಡಿಮೆ ಅರ್ಧದಷ್ಟು ಬ್ರೈಟನ್ ಮುಟ್ಟಿದವು. ಎಷ್ಟು ಎಂಬುದರಲ್ಲಿ ಅಂದಿನ ವರದಿಗಳೇ ಒಂದಕ್ಕೊಂದು ತಾಳೆಯಾಗುವುದಿಲ್ಲ. ಒಂದು ವಿದ್ಯುತ್ ಬಂಡಿ ರೈಲಿನಲ್ಲಿ ಬಂದು, ಊರ ಹೊರಗೆ ಮೈಗೆ ಕೆಸರು ಬಳಿದುಕೊಂಡು ಮೆರವಣಿಗೆ ಸೇರಿತೆಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಲಾಸನ್ 1904ರಲ್ಲಿ ವಂಚನೆಯ ಪ್ರಕರಣದಲ್ಲಿ ಒಂದು ವರ್ಷದ ಕಠಿಣ ಸಜೆ ಪಡೆದ.

ಓಟವನ್ನು ಜನ ಮರೆತೇಬಿಟ್ಟಿದ್ದರು. 1927ರಲ್ಲಿ ಪತ್ರಿಕೆಗಳು ಅದನ್ನು ಮತ್ತೆ ಏರ್ಪಡಿಸಿದಾಗ ಅದೊಂದು ತಮಾಷೆ: ಅಜ್ಜನ ಕಾಲದ ಡಕೋಟಾ ಬಂಡಿಗಳು ಕೆಮ್ಮುತ್ತ ಹೋಗುವುದನ್ನು ನೋಡಿ ನಗುವ ಭಾನುವಾರ. ಆದರೆ ಬಂಡಿ ಹತ್ತಿದ ಕೆಲವರಿಗೆ ಅದು ತಮಾಷೆಯಾಗಿ ಉಳಿಯಲಿಲ್ಲ. 1930ರ ಓಟದ ಸಂಜೆ ಬ್ರೈಟನ್ನಿನ ಓಲ್ಡ್ ಶಿಪ್ ಹೋಟೆಲಿನಲ್ಲಿ ಕೂತ ಮೂವರು ವೆಟರನ್ ಕಾರ್ ಕ್ಲಬ್ ಕಟ್ಟಲು ನಿಶ್ಚಯಿಸಿದರು. ಹಳೆಯ ಕಾರುಗಳಿಗಾಗಿ ಹುಟ್ಟಿದ ಜಗತ್ತಿನ ಮೊದಲ ಸಂಘಗಳಲ್ಲಿ ಅದೊಂದು. ಅಲ್ಲಿಯವರೆಗೆ ಇಂಥ ಬಂಡಿಗಳು ಕೊಟ್ಟಿಗೆಯಲ್ಲಿ ಕೋಳಿಗೂಡಾಗುತ್ತಿದ್ದವು, ಇಲ್ಲವೇ ಗುಜರಿಗೆ ಹೋಗುತ್ತಿದ್ದವು.

ಬ್ರೈಟನ್ ಓಟಕ್ಕೆ ಗೆರೆ 1904ರ ಡಿಸೆಂಬರ್ 31. ಅಂದಿಗೆ ತಯಾರಾದದ್ದು ವೆಟರನ್, ಮರುದಿನದ್ದು ಅಲ್ಲ. ಇನ್ನೊಂದು ಪದ ವಿಂಟೇಜ್, ದ್ರಾಕ್ಷಿ ಸುಗ್ಗಿಯಿಂದ ಬಂದದ್ದು. 1934ರಲ್ಲಿ ಹುಟ್ಟಿದ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ ಅದನ್ನು 1930ರ ಕೊನೆಯವರೆಗಿನ ಕಾರುಗಳಿಗೆ ಮೀಸಲಿಟ್ಟಿತು. ಅವರ ಪ್ರಕಾರ ಆಮೇಲಿನ ಕಾರುಗಳಲ್ಲಿ ಸತ್ವವಿರಲಿಲ್ಲ. ಅಂದರೆ ಅದು ವಯಸ್ಸಿನ ಮಾತಲ್ಲ, ರುಚಿಯ ಮಾತು. ನಮ್ಮಲ್ಲಿ ಈ ಪದ ಪ್ರೀಮಿಯರ್ ಪದ್ಮಿನಿಯಿಂದ ಹಿಡಿದು ಹಳೇ ಗಡಿಯಾರದವರೆಗೆ ಎಲ್ಲಕ್ಕೂ ಅಂಟಿಕೊಂಡಿದೆ.

ಒಂದೇ ಕಾರು 1904ರದ್ದೆಂದಾದರೆ ಓಟಕ್ಕೆ ಅರ್ಹ, 1905ರದ್ದೆಂದಾದರೆ ಪ್ರೇಕ್ಷಕ. ಬೆಲೆಯಲ್ಲೂ ಅದಕ್ಕೆ ತಕ್ಕ ವ್ಯತ್ಯಾಸ. ಹೀಗಾಗಿ ಕ್ಲಬ್ಬಿನ ಅತಿ ಮುಖ್ಯ ಕೆಲಸ ಪಾಲಿಶ್ ಮಾಡುವುದಲ್ಲ, ಕಾಲ ನಿರ್ಣಯ. ಅದಕ್ಕಾಗಿ ಒಂದು ಸಮಿತಿಯೇ ಇದೆ. ಮಾಲೀಕರು ಕಾರಿನ ದಾಖಲೆಗಳನ್ನು ಮುಂದಿಡುತ್ತಾರೆ, ಸಮಿತಿ ಬಿಡಿಬಿಡಿಯಾಗಿ ನೋಡಿ ಪ್ರಮಾಣಪತ್ರ ಕೊಡುತ್ತದೆ.

ಕೆಲಸ ಕಷ್ಟದ್ದು. ಬ್ರಿಟನ್ನಿನಲ್ಲಿ ಕಾರುಗಳಿಗೆ ನೋಂದಣಿ ಸಂಖ್ಯೆ ಕಡ್ಡಾಯವಾದದ್ದೇ 1904ರ ಜನವರಿ 1ರಿಂದ. ಅದಕ್ಕೂ ಹಿಂದಿನ ಬಂಡಿಗೆ ಸರ್ಕಾರಿ ಜನ್ಮಪತ್ರಿಕೆಯೇ ಇಲ್ಲ. ಎಷ್ಟೋ ತಯಾರಕರು ಒಂದೆರಡು ವರ್ಷ ಬದುಕಿ ಮುಳುಗಿದರು, ಅವರ ಲೆಕ್ಕದ ಪುಸ್ತಕಗಳೂ ಮುಳುಗಿದವು. ಚಾಸಿ ಒಬ್ಬರದು, ಮೇಲಿನ ಕಟ್ಟಡ ಬಂಡಿ ಕಟ್ಟುವ ಇನ್ನೊಬ್ಬರದು. ಫ್ರಾನ್ಸಿನ ದ ದಿಯೊಂ-ಬೂತೊಂ ಕಂಪನಿ ತನ್ನ ಎಂಜಿನ್ನನ್ನು ನೂರಕ್ಕೂ ಹೆಚ್ಚು ತಯಾರಕರಿಗೆ ಮಾರುತ್ತಿತ್ತು. ಹಾಗಾಗಿ ಎಂಜಿನ್ನಿನ ಕಾಲ ಗೊತ್ತಾದರೂ ಕಾರಿನ ಕಾಲ ಗೊತ್ತಾದಂತಲ್ಲ. ಉಳಿಯುವುದು ಒಳಸಾಕ್ಷಿ. ಸ್ಟೀರಿಂಗ್‌ಗೆ ದೋಣಿಯ ಚುಕ್ಕಾಣಿಯಂಥ ಹಿಡಿಯೋ, ದುಂಡು ಚಕ್ರವೋ? ಎಂಜಿನ್ ಸೀಟಿನ ಕೆಳಗೋ, ಮುಂದೋ? ಕಿಡಿ ಹೊತ್ತಿಸಲು ಬರ್ನರಿನಿಂದ ಕಾಯಿಸಿದ ಕೊಳವೆಯೋ, ವಿದ್ಯುತ್ತೋ? ಅಷ್ಟಾದರೂ, ಉಳಿದುಹೋದ ಹಳೆಯ ಮಾಲನ್ನು ಹೊಸ ವರ್ಷದಲ್ಲಿ ಮಾರಿದ್ದರೆ ಏನು ಮಾಡುವುದು?

ಭಾಷಾವಿಜ್ಞಾನ ಓದಿದ ನನಗೆ ಇದು ಹೊರಗಿನ ಲೋಕ ಅನ್ನಿಸಲಿಲ್ಲ. ಹಲ್ಮಿಡಿ ಶಾಸನದಲ್ಲಿ ಇಸವಿ ಇಲ್ಲ. ಲಿಪಿ, ಭಾಷೆ, ಅದರಲ್ಲಿ ಬರುವ ಹೆಸರುಗಳನ್ನು ಹಿಡಿದು ಕಾಲ ಕಟ್ಟಿದ್ದು, ಆಮೇಲೆ ಅದರ ಮೇಲೆ ಜಗಳವಾಡಿದ್ದು. ಓಲೆಗರಿಯ ಪ್ರತಿಯ ಕಾಲವೇ ಬೇರೆ, ಕೃತಿಯ ಕಾಲವೇ ಬೇರೆ. ಆದರೆ ಶಾಸನದ ಕಾಲ ನೂರು ವರ್ಷ ಹಿಂದುಮುಂದಾದರೆ ವಿದ್ವಾಂಸರ ಜೇಬಿನಿಂದ ಹಣ ಹೋಗುವುದಿಲ್ಲ. ಇಲ್ಲಿ ಹೋಗುತ್ತದೆ. ತಮ್ಮ ಸ್ವಂತ ಕಾರು ಒಂದೆರಡು ವರ್ಷ ಚಿಕ್ಕದಾಗಿಬಿಡುವ ಅಪಾಯವಿದ್ದೂ ಹವ್ಯಾಸಿಗಳೇ ಇಂಥದೊಂದು ವ್ಯವಸ್ಥೆ ಕಟ್ಟಿಕೊಂಡದ್ದು ನನಗೆ ದೊಡ್ಡದಾಗಿ ಕಾಣುತ್ತದೆ. ಅದೇ ಜನ ವರ್ಷಕ್ಕೊಮ್ಮೆ ಆ ಬಾವುಟವನ್ನೂ ಹರಿಯುತ್ತಾರೆ. ಆಕ್ಸೆಲ್ಲಿಗೆ ಕೇಳುವ ಸಾಕ್ಷಿಯನ್ನು ಬಾವುಟಕ್ಕೆ ಕೇಳುವುದಿಲ್ಲ. ಕೇಳಬಾರದು ಅಂತಲೇ ನನ್ನ ಅನಿಸಿಕೆ: ಹಬ್ಬ ಹಬ್ಬವಾಗಿರಲಿ, ಪ್ರಮಾಣಪತ್ರ ಪ್ರಮಾಣಪತ್ರವಾಗಿರಲಿ.

ಕಾಲದ ಪ್ರಶ್ನೆಗಿಂತ ತೊಡಕಿನ ಪ್ರಶ್ನೆ ಒಂದಿದೆ: ಇದು ಅದೇ ಕಾರೇ? ಈ ಪ್ರಶ್ನೆ 1990ರಲ್ಲಿ ಲಂಡನ್ನಿನ ನ್ಯಾಯಾಲಯದ ಕಟ್ಟೆ ಹತ್ತಿತು. ಕಾರು ವೆಟರನ್ ಅಲ್ಲ, ಬೆಂಟ್ಲಿ. 1929 ಮತ್ತು 1930ರ ಲ ಮಾನ್ ಓಟಗಳನ್ನು ಗೆದ್ದ ‘ಓಲ್ಡ್ ನಂಬರ್ ಒನ್’. ಗೆದ್ದ ಮೇಲೆ ಅದರ ಚಾಸಿ, ಎಂಜಿನ್, ಮೈಕಟ್ಟು ಎಲ್ಲ ಬದಲಾಗುತ್ತ ಹೋಗಿದ್ದವು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಅಪಘಾತಕ್ಕೀಡಾಗಿ ಚಾಲಕ ಸತ್ತ, ಕಾರನ್ನು ಮತ್ತೆ ಬೇರೆ ರೂಪದಲ್ಲಿ ಕಟ್ಟಿದರು. ಒಂದು ಕೋಟಿ ಪೌಂಡಿನ ವ್ಯಾಪಾರ ಕುದುರಿದ ಮೇಲೆ ಕೊಳ್ಳುವವರು, ಇದು ಆ ಕಾರಲ್ಲ ಎಂದು ಹಿಂದೆ ಸರಿದರು. 1930ರಲ್ಲಿ ಗೆದ್ದ ಕಾರಿನಿಂದ ಖಚಿತವಾಗಿ ಉಳಿದದ್ದು ಪೆಡಲ್ ಶಾಫ್ಟ್, ಗೇರ್‌ಬಾಕ್ಸಿನ ಕವಚ, ಸ್ಟೀರಿಂಗ್ ಕಾಲಮ್, ಇಷ್ಟೇ ಎಂದು ನ್ಯಾಯಾಧೀಶರೇ ಕಂಡುಕೊಂಡರು. ಆದರೂ ತೀರ್ಪು ಮಾರುವವರ ಪರ ಬಂತು. ಇದು ಮೂಲ ಸ್ಥಿತಿಯಲ್ಲಿಲ್ಲ, ಆದರೆ ಇದರ ಬಾಳು ಎಲ್ಲೂ ಕಡಿದಿಲ್ಲ. ಆ ಹೆಸರಿನ ಬೇರೆ ಕಾರು ಯಾವುದೂ ಇಲ್ಲ, ಆದ್ದರಿಂದ ಇದೇ ಅದು ಎಂಬುದು ಅದರ ತಿರುಳು.

ಭಾರತದ ಕಾನೂನು ಇನ್ನೊಂದು ದಾರಿ ಹಿಡಿದಿದೆ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಮಾಡಿದ ತಿದ್ದುಪಡಿಯಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಸ್ವಂತ ಬಳಕೆಯ ವಾಹನ ವಿಂಟೇಜ್. ಅದರ ಸಂಖ್ಯೆಯಲ್ಲಿ ‘ವಿಎ’ ಅಕ್ಷರಗಳು ಬರುತ್ತವೆ, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಚಾಸಿಯನ್ನೋ ಮೈಕಟ್ಟನ್ನೋ ಎಂಜಿನ್ನನ್ನೋ ಗಣನೀಯವಾಗಿ ಮಾರ್ಪಡಿಸಿದ್ದರೆ ಆ ಪಟ್ಟವಿಲ್ಲ. ಅಂದರೆ ಲಂಡನ್ನಿನಲ್ಲಿ ಗೆದ್ದ ಆ ಬೆಂಟ್ಲಿ ನಮ್ಮ ಆರ್‌ಟಿಒ ಕಚೇರಿಯಲ್ಲಿ ಸೋಲುತ್ತಿತ್ತು.

ಆಮದು ಬಿಗಿಯಾಗಿದ್ದ ದಶಕಗಳಲ್ಲಿ ನಮ್ಮ ಮೇಸ್ತ್ರಿಗಳು ಕೈಗೆ ಸಿಕ್ಕ ಬಿಡಿಭಾಗ ಹಾಕಿ, ಸಿಗದ್ದನ್ನು ಲೇತಿನಲ್ಲಿ ತಿರುಗಿಸಿ, ಹಳೆಯ ಕಾರುಗಳನ್ನು ಓಡಿಸಿದರು. ಅವರು ಹಾಗೆ ಮಾಡದಿದ್ದರೆ ಇಂದು ಕೋಲ್ಕತ್ತದ ಸ್ಟೇಟ್ಸ್‌ಮನ್ ರ‍್ಯಾಲಿಯಲ್ಲೋ, ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರ ಸಂಗ್ರಹದಲ್ಲೋ, ಅದರಿಂದ ಬೆಳೆದು ಶ್ರೀರಂಗಪಟ್ಟಣದ ಬಳಿ 2023ರಲ್ಲಿ ತೆರೆದ ‘ಪಯಣ’ ಮ್ಯೂಸಿಯಮ್ಮಿನಲ್ಲೋ ನೋಡಲು ಇಷ್ಟು ಬಂಡಿಗಳು ಉಳಿಯುತ್ತಿದ್ದವೇ ಎಂಬ ಅನುಮಾನ ನನಗಿದೆ. ಅವರ ಕೈಕೆಲಸವನ್ನು ‘ಮಾರ್ಪಾಡು’ ಎಂದು ಕರೆದರೆ ಕಾರಿನ ಅರ್ಧ ಚರಿತ್ರೆ ಲೆಕ್ಕದಿಂದ ಹೋಗುತ್ತದೆ. ಹಾಗಂತ ನಿನ್ನೆ ಹಾಕಿಸಿದ ಡೀಸೆಲ್ ಎಂಜಿನ್ನನ್ನೂ ಚರಿತ್ರೆ ಎನ್ನಲು ಬಾರದು. ಗೆರೆ ಎಲ್ಲಿ ಎಳೆಯುವುದೆಂದು ಒಂದೊಂದು ಕಾರನ್ನೂ ಕೂತು ನೋಡಿ ಹೇಳಬೇಕು. ಅದಕ್ಕೆ ಕಾಗದ ಬೇಕು. ನಿಮ್ಮ ಮನೆಯ ಅಟ್ಟದಲ್ಲಿ, ಮುಂಬೈಯ ಯಾವುದೋ ಚಿಕ್ಕಪ್ಪನ ಟ್ರಂಕಿನಲ್ಲಿ, ಎಂದೋ ಮಾರಿದ ಕಾರಿನ ನೋಂದಣಿ ಪುಸ್ತಕವೋ ಗ್ಯಾರೇಜಿನ ಬಿಲ್ಲೋ ಇದ್ದರೆ ರದ್ದಿಗೆ ಹಾಕಬೇಡಿ. ಆ ಕಾರು ಇನ್ನೂ ಎಲ್ಲೋ ಓಡುತ್ತಿರಬಹುದು.