ಶಿವಮೊಗ್ಗ–ಭದ್ರಾವತಿಯ ಮನೆಗಳಿಗೆ ಉಪಗ್ರಹ ಟಿವಿ ಬಂದ ಬಗೆ

ಶಿವಮೊಗ್ಗ, ಭದ್ರಾವತಿಯ ಮನೆಗಳಿಗೆ ಟಿವಿ ತಡವಾಗಿ ಬಂತು. ಬಂದದ್ದೂ ಉಪಗ್ರಹದ ಋಣದಿಂದ. ಕರ್ನಾಟಕ ಉಪಗ್ರಹ ಟಿವಿಯನ್ನು ಮೊದಲು ಕಂಡದ್ದು 1975ರ ಆಗಸ್ಟ್ 1ರಂದು ಶುರುವಾದ ‘ಸೈಟ್’ ಪ್ರಯೋಗದಲ್ಲಿ. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ತಂತಿ ಬಲೆಯ ದೊಡ್ಡ ಆಂಟೆನಾಗಳನ್ನು ನಿಲ್ಲಿಸಲಾಗಿತ್ತು. ನಮ್ಮ ರಾಜ್ಯದ ಪಾಲು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳಿಗೆ ಹೋಯಿತು. ಭದ್ರಾವತಿಯಲ್ಲಿ ಆಗ 1965ರಿಂದ ನಡೆಯುತ್ತಿದ್ದ ಆಕಾಶವಾಣಿ ಕೇಂದ್ರವಿತ್ತು, ಟಿವಿ ಇರಲಿಲ್ಲ.

ಬೆಂಗಳೂರು ದೂರದರ್ಶನ 1981ರ ನವೆಂಬರ್ 1ರಂದು ಆರಂಭವಾದರೂ ಅದರ ಅಲೆಗಳು ಮಲೆನಾಡಿನ ಅಂಚಿನವರೆಗೆ ಬರುವಂತಿರಲಿಲ್ಲ. ಟಿವಿ ಅಲೆ ಹೆಚ್ಚುಕಡಿಮೆ ನೇರವಾಗಿ ಸಾಗುತ್ತದೆ. ನಡುವೆ ಗುಡ್ಡ ಬಂದರೆ ಅಲ್ಲಿಗೇ ಮುಗಿಯಿತು. ಈ ತೊಡಕನ್ನು ಬಿಡಿಸಿದ್ದು 1983ರ ಆಗಸ್ಟ್‌ನಲ್ಲಿ ಹಾರಿದ ಇನ್ಸಾಟ್-1ಬಿ. ಅದನ್ನು ನಿಲ್ಲಿಸಿದ್ದು ಪೂರ್ವ ರೇಖಾಂಶ 74 ಡಿಗ್ರಿಯಲ್ಲಿ, ನಿಯಂತ್ರಿಸಿದ್ದು ಹಾಸನದ ಇಸ್ರೊ ಕೇಂದ್ರದಿಂದ. ಉಪಗ್ರಹದಿಂದ ಇಳಿದ ಕಾರ್ಯಕ್ರಮವನ್ನು ಊರೂರ ಮರುಪ್ರಸಾರ ಕೇಂದ್ರಗಳು ಮತ್ತೆ ಬಿತ್ತರಿಸುತ್ತಿದ್ದವು. ಮನೆಯವರ ಕೆಲಸ, ಹೆಂಚಿನ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ ಮೀನಿನ ಮುಳ್ಳಿನಂಥ ಆಂಟೆನಾ ಕಟ್ಟುವುದು, ಚಿತ್ರದಲ್ಲಿ ಚುಕ್ಕೆ ಬಂದರೆ ಬೂಸ್ಟರ್ ಹಾಕಿಸುವುದು. ಇದೇ ಜಿಲ್ಲೆಯ ಆಗುಂಬೆಯಲ್ಲಿ ಶಂಕರ್‌ನಾಗ್ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ದೆಹಲಿಗೆ ಹೋಗಿ, ಬಾನಿಗೇರಿ, ಜಿಲ್ಲೆಯ ಮನೆಗಳಿಗೆ ಮರಳಿದ್ದು ಈ ದಾರಿಯಲ್ಲೇ.

1991ರಲ್ಲಿ ಏಷ್ಯಾಸ್ಯಾಟ್-1ರಿಂದ ಸ್ಟಾರ್ ಟಿವಿ, 1994ರಲ್ಲಿ ಉದಯ ಟಿವಿ ಬಂದವು. ಇವುಗಳನ್ನು ಹಿಡಿಯಲು ಹಲವು ಅಡಿ ಅಗಲದ ಡಿಶ್ ಬೇಕಿತ್ತು. ಅದು ಕೇಬಲ್‌ನವರ ತಾರಸಿ ಸೇರಿತು. ಅಲ್ಲಿಂದ ಕಂಬದಿಂದ ಕಂಬಕ್ಕೆ ತಂತಿ ಎಳೆದು ಸಂಪರ್ಕ ಕೊಟ್ಟರು. 1995ರ ಕೇಬಲ್ ಟಿವಿ ಕಾಯ್ದೆ ಬಂದ ಮೇಲೆ ಕೇಬಲ್‌ನವರು ಪ್ರಧಾನ ಅಂಚೆ ಕಚೇರಿಯಲ್ಲಿ ನೋಂದಾಯಿಸಿಕೊಳ್ಳಬೇಕಾಯಿತು. ಒತ್ತೊತ್ತಾಗಿ ಮನೆಗಳಿರುವ ಬೀದಿಗೆ ಈ ವ್ಯವಸ್ಥೆ ಹೇಳಿ ಮಾಡಿಸಿದಂತಿತ್ತು. ಊರಾಚೆ ತೋಟಕ್ಕೊಂದು ಮನೆ ಇರುವ ಕಡೆ ತಂತಿ ಎಳೆದರೆ ಖರ್ಚೂ ಹುಟ್ಟುತ್ತಿರಲಿಲ್ಲ.

ಆ ಒಂಟಿಮನೆಗಳಿಗೆ ನಿಜವಾದ ಅನುಕೂಲ ಮಾಡಿಕೊಟ್ಟದ್ದು ಉಪಗ್ರಹದಿಂದ ನೇರ ಮನೆಗೇ ಇಳಿಯುವ ಡಿಟಿಎಚ್. 2003ರ ಅಕ್ಟೋಬರ್‌ನಲ್ಲಿ ಡಿಶ್ ಟಿವಿ, 2004ರ ಡಿಸೆಂಬರ್‌ನಲ್ಲಿ ತಿಂಗಳ ಬಾಡಿಗೆಯಿಲ್ಲದ ಡಿಡಿ ಡೈರೆಕ್ಟ್ ಪ್ಲಸ್ (ಇಂದಿನ ಡಿಡಿ ಫ್ರೀ ಡಿಶ್), 2006ರಲ್ಲಿ ಟಾಟಾ ಸ್ಕೈ, 2007ರ ಕೊನೆಯಲ್ಲಿ ಸನ್ ಡೈರೆಕ್ಟ್ ಬಂದವು. ಸುಮಾರು 60 ಸೆಂಟಿಮೀಟರ್ ಅಗಲದ ಡಿಶ್ಶನ್ನು ಒಬ್ಬರೇ ಹೊತ್ತು ಮಾಡಿನ ಮೇಲೆ ಕೂರಿಸಬಹುದಾಯಿತು.

ಕೂರಿಸುವುದರಲ್ಲೇ ಕಸುಬಿನ ಕೈಚಳಕವಿದೆ. ಫ್ರೀ ಡಿಶ್‌ನ ಉಪಗ್ರಹ ಇರುವುದು 93.5 ಡಿಗ್ರಿ ಪೂರ್ವದಲ್ಲಿ. ಶಿವಮೊಗ್ಗದಿಂದ ನೋಡಿದರೆ ಅದು ಆಗ್ನೇಯಕ್ಕೆ, ದಿಗಂತದಿಂದ ಸುಮಾರು 63 ಡಿಗ್ರಿ ಮೇಲೆ. ಇಷ್ಟು ಎತ್ತರದಿಂದ ಬರುವ ಅಲೆಗೆ ದೂರದ ಗುಡ್ಡ ಅಡ್ಡಬರುವುದಿಲ್ಲ. ಅಂಗಳದ ಮಟ್ಟದಲ್ಲಿಟ್ಟ ಡಿಶ್‌ಗೆ 15 ಮೀಟರ್ ಎತ್ತರದ ಅಡಿಕೆ ಮರವೂ ಎಂಟು ಮೀಟರ್ ಆಚೆ ಇದ್ದರೆ ತೊಂದರೆ ಕೊಡದು. ಡಿಶ್ ಮಾತ್ರ ಅಷ್ಟು ಮೇಲೆ ನೋಡುತ್ತಿರುವಂತೆ ಕಾಣುವುದಿಲ್ಲ: ಅದರ ಬಾಗು ಓರೆಯಾದದ್ದು, ಮುಖ ತೋರುವುದಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಮೇಲಿನಿಂದ ಅಲೆ ಹಿಡಿಯುತ್ತದೆ. ಮೊದಲು ಪೈಪು ನೆಟ್ಟಗೆ ನಿಂತಿದೆಯೇ ಎಂದು ಲೆವೆಲ್ ಹಿಡಿದು ನೋಡಬೇಕು. ಪೈಪೇ ವಾಲಿದ್ದರೆ ಡಿಶ್ ತಿರುಗಿಸಿದಂತೆಲ್ಲ ಎತ್ತರದ ಲೆಕ್ಕವೂ ತಪ್ಪುತ್ತದೆ. ಒಂದೆರಡು ಡಿಗ್ರಿ ಸರಿದರೆ ಸಿಗ್ನಲ್ ಬಿದ್ದುಹೋಗುತ್ತದೆ.

ಮಳೆಗಾಲದ ಕಷ್ಟ ಬೇರೆ. ಡಿಟಿಎಚ್ ಬಳಸುವ ಕೆಯು ಬ್ಯಾಂಡ್ ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು; ದಪ್ಪ ಹನಿಗಳು ಅದನ್ನು ಹೀರಿ, ಚದುರಿಸುತ್ತವೆ. ಕೇಬಲ್‌ನವರ ದೊಡ್ಡ ಡಿಶ್ ಹಿಡಿಯುವ ಸಿ ಬ್ಯಾಂಡ್ ಅಲೆ ಇದರ ಮೂರು ಪಟ್ಟು ಉದ್ದ, ಹಾಗಾಗಿ ಜಡಿಮಳೆಯಲ್ಲೂ ತಾಳಿಕೊಳ್ಳುತ್ತದೆ. ಮಳೆ ನಿಂತ ಮೇಲೂ ಚಿತ್ರ ಬಾರದಿದ್ದರೆ ಡಿಶ್‌ನ ಮುಂದೆ ಅಲೆ ಹಿಡಿಯುವ ಎಲ್‌ಎನ್‌ಬಿಯ ಕನೆಕ್ಟರ್‌ಗೆ ನೀರಿಳಿದಿರುವ ಸಂಭವ ಹೆಚ್ಚು. ಜೋಡಣೆಗೆ ಬಿಗಿಯಾಗಿ ಟೇಪು ಸುತ್ತಿ, ಗೋಡೆಯೊಳಕ್ಕೆ ಹೋಗುವ ಮುನ್ನ ಕೇಬಲ್ಲನ್ನು ಒಮ್ಮೆ ಕೆಳಕ್ಕೆ ಬಾಗಿಸಿಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ದೇಶದ ನಗರ, ಪಟ್ಟಣಗಳ ಕೇಬಲ್ ಜಾಲ ಡಿಜಿಟಲ್ ಆಗಲು 2015ರ ಡಿಸೆಂಬರ್ 31 ಗಡುವಾಯಿತು. ಕೇಬಲ್ ಮನೆಗೂ ಸೆಟ್‌ಟಾಪ್ ಬಾಕ್ಸ್ ಬಂತು. ಪ್ರಸಾರ ಭಾರತಿ 2022ರ ಹೊತ್ತಿಗೆ ಹಳೆಯ ಅನಲಾಗ್ ಟಿವಿ ಟ್ರಾನ್ಸ್‌ಮಿಟರ್‌ಗಳನ್ನು ಬಹುತೇಕ ನಿಲ್ಲಿಸಿತು. ತಿಂಗಳ ಶುಲ್ಕವಿಲ್ಲದೆ ಆಂಟೆನಾದಿಂದ ದೂರದರ್ಶನ ಚಂದನ ನೋಡಬೇಕೆನ್ನುವ ಮನೆಗೆ ಈಗ ಆಗ್ನೇಯಕ್ಕೆ ಮುಖಮಾಡಿದ ಫ್ರೀ ಡಿಶ್ಶೇ ದಾರಿ.